ಅಕ್ಕನ ಕ್ಯಾರಿಯರ್

ಯಾವ ಅಡುಗೆಮನೆಯನ್ನಾದರೂ ಜಾಲಾಡಿ ನೋಡಿ, ಪರರ ಸ್ವತ್ತಾದ ಒಂದು ಡಬ್ಬಿಯಾದರೂ ಅಲ್ಲಿ ಸಿಕ್ಕೇ ಸಿಗುತ್ತದೆ. ಗುಂಡ್ಲುಪೇಟೆಯ ನನ್ನ ಹೊಸ ಮನೆಯ ಕಪಾಟಿನಲ್ಲಿ ವಿರಾಜಮಾನವಾಗಿದ್ದದ್ದು ಚಾಮರಾಜನಗರದಲ್ಲಿರುವ ನನ್ನ ಅಕ್ಕನ ಎರಡು ಡಬ್ಬಿಯ ಕ್ಯಾರಿಯರ್. ಹಿಂತಿರುಗಿಸೋಣವೆಂದರೆ ಅಕ್ಕ ಮಾತು ಬಿಟ್ಟಿದ್ದಳು.

ಕಾರಣ ಕೇಳಿದರೆ ನಗುತ್ತೀರಿ. ಗೃಹಪ್ರವೇಶಕ್ಕೆ ಆಫೀಸಿನವರನ್ನೂ ಬೀದಿಯವರನ್ನೂ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದ ನಾನು, ‘ನಮ್ಮಕ್ಕ ತಾನೇ’ ಎಂಬ ಸಲುಗೆಯಿಂದ ಅವಳನ್ನು ಮಾತ್ರ ಫೋನಿನಲ್ಲಿ ಕರೆದಿದ್ದೆ. ಅಮ್ಮ ತೀರಿಕೊಂಡ ಮೇಲೆ ನನಗೆ ಜಡೆ ಹೆಣೆದು, ಬೈದು, ಓದಿಸಿ, ನೌಕರಿಯ ದಡ ಮುಟ್ಟಿಸಿದವಳು ಬರಲೇ ಇಲ್ಲ. ಒಲೆಯ ಮೇಲೆ ಹಾಲು ಉಕ್ಕಿತು, ನನ್ನ ಕಣ್ಣೂ ಉಕ್ಕಿತು. ನೆಂಟರು ಹೋಮದ ಹೊಗೆಯೆಂದುಕೊಂಡರು. ಆಮೇಲೆ ಅವಳು ಫೋನನ್ನೂ ಎತ್ತಲಿಲ್ಲ.

ಹೀಗಿರುವಾಗ ನೆನಪಾದವಳು ಚಂದಕವಾಡಿಯ ದೊಡ್ಡಮ್ಮ. ಓರಗಿತ್ತಿಯೊಡನೆ ಬೇಲಿಯ ವ್ಯಾಜ್ಯ ಪರಾಕಾಷ್ಠೆಗೇರಿದ್ದಾಗಲೂ, ಆಕೆಯ ಪಾತ್ರೆಯಲ್ಲಿ ಒಂದು ಹಿಡಿ ಅವರೆಕಾಳು ಹಾಕಿಯೇ ಹಿಂದಕ್ಕೆ ಕಳಿಸಿದ ಧೀರೆ ಆಕೆ. ನನ್ನ ಪುರಾಣವನ್ನೆಲ್ಲ ಕೇಳಿ, ತಪ್ಪು ಯಾರದೆಂದು ತೀರ್ಪು ಕೊಡಲೇ ಇಲ್ಲ.

“ಮಾತು ಬುಟ್ರೆ ಬುಡ್ಲಿ, ಪಾತ್ರೆ ಬರೀದು ಕಳಿಸ್ಬ್ಯಾಡ ಕಣಮ್ಮಿ. ನೀನೇ ತಕ್ಕೊಂಡೋಗು” ಎಂದಳು.

ಪಾಕಪ್ರವೀಣೆಯೆಂಬ ಬಿರುದು ನನಗೆ ಯಾರೂ ಕೊಟ್ಟಿಲ್ಲ. ಆದರೂ ಭಾನುವಾರ ಹುರುಳಿಕಾಳಿನ ಉಪ್ಸಾರು ಮಾಡಿ, ಒಂದು ಡಬ್ಬಿಗೆ ಸಾರು, ಇನ್ನೊಂದಕ್ಕೆ ಅರೆದ ಖಾರ ತುಂಬಿ, ಈರುಳ್ಳಿ ಲಾರಿಗಳ ನಡುವೆ ನುಸುಳುವ ಬಸ್ಸಿನಲ್ಲಿ ಕ್ಯಾರಿಯರನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೊರಟೆ. ದಾರಿಯುದ್ದಕ್ಕೂ ಒಂದೇ ದಿಗಿಲು. ಅಕ್ಕ ಬಾಗಿಲು ಹಾಕಿಕೊಂಡರೆ ನನಗೆ ತವರೆಂಬುದೇ ಉಳಿಯುವುದಿಲ್ಲ.

ಅಕ್ಕ ಬಾಗಿಲು ತೆಗೆದಳು. ಮುಖ ನೋಡಲಿಲ್ಲ. ಕ್ಯಾರಿಯರ್ ಇಸಿದುಕೊಂಡು, ಕೈಯಲ್ಲೇ ಅದರ ಭಾರ ನೋಡಿ, ಒಳಗೆ ಹೋದಳು. ನಾನು ಜಗಲಿಯಲ್ಲೇ ನಿಂತೆ. ಒಳಗಿನಿಂದ ಡಬ್ಬಿ ಬಿಚ್ಚಿದ ಸದ್ದು, ಆಮೇಲೆ ಸೌಟಿನ ಸದ್ದು. ನಿಜ ಹೇಳುತ್ತೇನೆ, ಯಾವ ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಿವಿಗೊಟ್ಟು ಕಾದಿರಲಿಲ್ಲ.

“ಥೂ, ಉಪ್ಪೇ ಆಕಿಲ್ವಲ್ಲಮ್ಮಿ! ಇದನ್ನ ಅಷ್ಟು ದೂರದಿಂದ ಒತ್ಕೊಂಡ್ ಬಂದ್ಯಾ?”

ಬೈಗುಳ ಅಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಸರಿತಪ್ಪು ಇತ್ಯರ್ಥವಾಗಲೆಂದು ಕಾಯುತ್ತ ಕುಳಿತಿದ್ದರೆ ಆ ಕ್ಯಾರಿಯರ್ ಇಂದಿಗೂ ನನ್ನ ಕಪಾಟಿನಲ್ಲೇ ಇರುತ್ತಿತ್ತು. ದೊಡ್ಡಮ್ಮ ಪುಣ್ಯಾತ್ಗಿತ್ತಿ, ಆಕೆಯ ಹೊಟ್ಟೆ ತಣ್ಣಗಿರಲಿ.

ಅಕ್ಕ ಹೊಸಲಿಗೆ ಬಂದು ಈಗ ನೆಟ್ಟಗೆ ನನ್ನ ಮುಖ ನೋಡಿದಳು.

“ಯಾಕಮ್ಮಿ, ನೆಂಟರಂಗೆ ಆಚೇಲೇ ನಿಂತಿದ್ದೀಯ? ಒಳಿಕ್ ಬಾ. ಮುದ್ದೆಗೆ ಎಸರಿಟ್ಟಿವ್ನಿ.”