ಒಣ ಬಜಾರಿನ ನೀರು

ಎಂಬತ್ತರ ದಶಕದಲ್ಲಿ ನನ್ನೊಂದಿಗೆ ಭೂಗೋಳದಲ್ಲಿ ಎಂ.ಎ. ಓದುತ್ತಿದ್ದ ಗೆಳೆಯನೊಬ್ಬ ಬಾಗಲಕೋಟೆಯ ಬಜಾರಿನಲ್ಲಿ ಒಂದು ದೀಪದ ಕಂಬ ದಾಟುವ ಮೊದಲು ಪ್ಯಾಂಟನ್ನು ಮೊಳಕಾಲಿನವರೆಗೆ ಮಡಚುತ್ತಿದ್ದ. ನದಿಗೆ ಆಗ ಕಟ್ಟುತ್ತಿದ್ದ ಅಣೆಕಟ್ಟು ಮುಂದೆ ತುಂಬಿದಾಗ ಊರು ಎಲ್ಲಿಯವರೆಗೆ ಮುಳುಗುತ್ತದೆ ಎಂಬುದೇ ಅವನ ಪ್ರಬಂಧದ ವಿಷಯ. ಅವನ ನಕಾಶೆಯ ಪ್ರಕಾರ ಆ ಕಂಬವೇ ನೀರಿನ ಅಂಚು. ಬೇಸಿಗೆಯ ಧೂಳಿನಲ್ಲೂ, "ಇಲ್ಲಿಂದ ನೀರು ನೋಡಪಾ," ಎನ್ನುತ್ತ ಹೆಜ್ಜೆಯನ್ನು ಎತ್ತೆತ್ತಿ ಇಡುತ್ತಿದ್ದ.

"ಇವತ್ತ ಎಷ್ಟ ಐತ್ರಿ ಸಾಹೇಬ್ರ?" ಎಂದು ಕಂಬದಾಚೆಯ ಟೇಲರ್ ಕೂಗುತ್ತಿದ್ದ.

"ನಿಮ್ಮ ಮಷೀನ ಮುಣಗೇತ್ರಿ."

ಟೇಲರ್ ನಗುತ್ತಿದ್ದ. ನಗುತ್ತಲೇ ಪೆಡಲಿನಿಂದ ಕಾಲು ಮೇಲೆತ್ತಿಕೊಳ್ಳುತ್ತಿದ್ದ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪ್ರಾಧ್ಯಾಪಕರು, ಆ ಅಂಚನ್ನು ಜಾಗದಲ್ಲೇ ತೋರಿಸದಿದ್ದರೆ ಫೇಲು ಎಂದರು. ಅವರು ತನ್ನನ್ನು ಹುಚ್ಚನೆಂದುಕೊಂಡಾರೆಂದು ಹೆದರಿ, ಅವರನ್ನು ಬಜಾರಿಗೆ ಕರೆತಂದ ಗೆಳೆಯ ಅಂದು ಪ್ಯಾಂಟು ಮಡಚದೆಯೇ ಕಂಬ ದಾಟಿದ.

"ಸಾಹೇಬ್ರ, ಪ್ಯಾಂಟ್ ತೊಯ್ತೈತ್ರಿ!" ಟೇಲರ್ ಚೀರಿದ.

ಬಳೆ ಅಂಗಡಿಯ ಅಜ್ಜಿ ಸೀರೆಯ ನಿರಿಗೆ ಎತ್ತಿ ಹಿಡಿದಳು. "ದೊಡ್ಡ ಸಾಹೇಬ್ರಿಗೆ ಯಾರರೆ ಹೇಳ್ರೋ, ಬೂಟ ಹಾಕ್ಕೊಂಡ ಬಂದಾರ!"

ಪ್ರಾಧ್ಯಾಪಕರು ಒಣ ನೆಲವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಮೆಲ್ಲಗೆ ಕಂಬ ದಾಟಿದರು.

ನಾನೂ ಅಲ್ಲಿದ್ದೆ. ಆದರೂ ಬೂಟನ್ನು ಅವರೇ ಬಿಚ್ಚಿದರೋ, ಇಷ್ಟು ವರ್ಷಗಳಲ್ಲಿ ನನ್ನ ನೆನಪು ಬಿಚ್ಚಿಸಿತೋ ಹೇಳಲಾರೆ. ಗೆಳೆಯ ಪಾಸಾದದ್ದು ಮಾತ್ರ ಖಾತ್ರಿ. ಅವನು ಪೇಡೆ ಹಂಚಿದಾಗ ಟೇಲರ್ ತನ್ನ ಪಾಲನ್ನು ಮಷೀನಿನ ಮೇಲೆ ಇಡಲಿಲ್ಲ. ಸ್ಟೂಲು ಹತ್ತಿ, ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲಿಟ್ಟ. ಆಗ ಅವನು ನಗುತ್ತಿರಲಿಲ್ಲ.