ಹೇಮಾವತಿಯ ಸ್ಪಿಂಡಲ್ಲು ನಡುಗಿದ ದಿನ

ಹೊಸಪೇಟೆ ದಾಟಿ ಗಾದಿಗನೂರಿನ ಕಡೆ ಹೊರಟರೆ ರಸ್ತೆಯ ಎಡಕ್ಕೊಂದು ತಗಡಿನ ಶೆಡ್ಡು ಸಿಗುತ್ತದೆ. ಅದಿರು ಲಾರಿಗಳ ಧೂಳು ಕೂತು ಕೂತು ಆ ಶೆಡ್ಡಿಗೆ ಈಗ ತನ್ನದೆನ್ನುವ ಬಣ್ಣವೇ ಇಲ್ಲ. ಒಳಗೆ ಕಾಲಿಟ್ಟರೆ ಮಾತ್ರ ಬೇರೆ ಲೋಕ ನೋಡಿ. ಗಾಜಿನ ಬಾಗಿಲ ಹಿಂದೆ ಕಂಪ್ಯೂಟರಿನ ಲೆಕ್ಕಕ್ಕೆ ಕಬ್ಬಿಣ ಕೆತ್ತುವ ಸಿಎನ್‌ಸಿ ಮಿಲ್ಲಿಂಗ್ ಮೆಷೀನು, ಬಾಗಿಲ ಮುಂದೆ ಹೇಮಾವತಿ. ಕೂಲೆಂಟಿನ ಹಾಲುಬಿಳಿ ನೀರು ಸುರಿಯುತ್ತಿರುತ್ತದೆ, ನೀರಿನ ನಡುವೆ ಟೂಲು ಕಚ್ಚಿಕೊಂಡ ಸ್ಪಿಂಡಲ್ಲು ಗುಂಯ್ಯೆಂದು ತಿರುಗುತ್ತಿರುತ್ತದೆ, ಕಬ್ಬಿಣ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತಿರುತ್ತದೆ. ಆಕೆ ಅದನ್ನೇ ನೋಡುತ್ತ ಅರೆಗಣ್ಣಾಗಿ ನಿಂತಿರುತ್ತಾಳೆ.

ಆ ಅರೆಗಣ್ಣು ಬುಕ್ಕಸಾಗರದಿಂದ ಬಂದದ್ದು. ಅವಳಪ್ಪ ಹುಲಿಗೇಶ್ ಅಲ್ಲಿ ಹೊಳೆಗೆ ಹರಿಗೋಲು ಹಾಕುತ್ತಿದ್ದ. ಕೂಸನ್ನು ಹರಿಗೋಲಿನ ತಳದಲ್ಲಿ ಕಂಬಳಿ ಹಾಸಿ ಮಲಗಿಸಿಬಿಡುತ್ತಿದ್ದ. ಹರಿಗೋಲು ತಿರುಗಿದರೆ ಆಕಾಶವೂ ತಿರುಗುತ್ತಿತ್ತು. ದಡದ ಬಂಡೆಗಳು ಒಂದೊಂದಾಗಿ ಬಂದು ಕೂಸಿಗೆ ಮುಖ ತೋರಿಸಿ ಹೋಗುತ್ತಿದ್ದವು. ತಿರುಗುವುದರೊಳಗೆ ಒಂದು ನಿದ್ದೆಯಿದೆ ಎಂದು ಅವಳ ಮೈ ಅಂದೇ ಕಲಿತುಬಿಟ್ಟಿತ್ತು. ಐಟಿಐ ಮುಗಿಸಿ ಈ ಶೆಡ್ಡಿಗೆ ಬಂದು ಹನ್ನೊಂದು ವರ್ಷ. ಟೂಲನ್ನು ಕಬ್ಬಿಣಕ್ಕೆ ಒಂದು ಸಲವೂ ಗುದ್ದಿಸಿದವಳಲ್ಲ. ಸಂಡೂರಿನ ಗಣಿಯವರು, ಕಂಪ್ಲಿಯ ರೈಸ್‌ಮಿಲ್ಲಿನವರು "ಆ ಅಕ್ಕನ ಕೈಯಾಗ ಮಾಡಸ್ರಿ" ಎಂದು ಹೇಳಿ ಕಳಿಸುತ್ತಿದ್ದುದು ಅದಕ್ಕೇ.

ಆಯುಧಪೂಜೆ ಮುಗಿದು ಕೆಲಸ ಶುರುವಾದ ದಿನವೇ ಸ್ಪಿಂಡಲ್ಲು ನಡುಗತೊಡಗಿತು. ನುಣ್ಣಗೆ ಬರಬೇಕಾದ ಕಬ್ಬಿಣದ ಮೇಲೆ ಹೊಲ ಉತ್ತ ಹಾಗೆ ಗೆರೆ. ಮೂರನೆಯ ದಿನ ಮೆಷೀನು ಕಂಪನಿಯ ಎಂಜಿನಿಯರು ಬಂದ. ಸ್ಪಿಂಡಲ್ಲಿಗೆ ಉಕ್ಕಿನ ಕೋಲೊಂದನ್ನು ಸಿಕ್ಕಿಸಿ, ಅಲುಗಾಟ ಅಳೆಯುವ ಡಯಲ್ ಗೇಜು ತಾಗಿಸಿ ತಿರುಗಿಸಿದ. ಗೇಜಿನ ಮುಳ್ಳು ಅತ್ತಿಂದಿತ್ತ ಓಡಾಡಿತು.

"ಬೇರಿಂಗ್ ಹೋಗಿದೆ ಸಾರ್," ಎಂದು ಮಾಲೀಕ ಶಂಭುಲಿಂಗನಿಗೆ ಹೇಳಿದ. "ಆಪರೇಟರ್ ಎಲ್ಲೋ ಗುದ್ದಿಸಿದ್ದಾರೆ. ಸ್ಪಿಂಡಲ್ ಬಿಚ್ಚಿ ಬೆಂಗಳೂರಿಗೆ ಕಳಿಸಬೇಕು, ಒಂದು ತಿಂಗಳಾಗುತ್ತೆ."

"ನಾ ಗುದ್ದಿಸಿಲ್ರಿ," ಎಂದಳು ಹೇಮಾವತಿ.

"ಎಲ್ರೂ ಹಾಗೇ ಹೇಳ್ತಾರೆ ಮೇಡಂ," ಎನ್ನುತ್ತ ಅವನು ವರದಿಯಲ್ಲಿ ಬರೆದ: ಆಪರೇಟರ್ ತಪ್ಪು, ಟೂಲ್ ಗುದ್ದಿಸಿದ್ದು.

ಶಂಭುಲಿಂಗ ಅವಳ ಮುಖ ನೋಡಲಿಲ್ಲ. "ಉಂಡು ಬಂದು ಬಿಚ್ಚೋಣ ನಡೀರಿ," ಎಂದು ಎಂಜಿನಿಯರನ್ನು ಪಕ್ಕದ ಖಾನಾವಳಿಗೆ ಹೊರಡಿಸಿದ. ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಹೇಮಾ, ನಾಳಿಂದ ನೀ ಡ್ರಿಲ್ಲಿಂಗ್ ಮೆಷೀನ್ ನೋಡ್ಕೊ," ಎಂದ.

ಶೆಡ್ಡು ಖಾಲಿಯಾಯಿತು. ಲೇತಿನ ಹಳೆಯ ಕೆಲಸಗಾರ ಎರ್ರಿಯಪ್ಪ ಮಾತ್ರ ಮೂಲೆಯಲ್ಲಿ ರೊಟ್ಟಿ ಗಂಟು ಬಿಚ್ಚಿಕೊಂಡು ಕೂತಿದ್ದ.

"ಬಾರವ್ವ, ಒಂದ್ ತುತ್ತು ತಿನ್ನು. ಮೆಷೀನೇನು ನಿನ್ನ ಗಂಡನಾ, ಅದಕ್ಕ ಜ್ವರ ಬಂತಂತ ಉಪಾಸ ಕುಂದ್ರಾಕ?"

"ಗಂಡಗ ಜ್ವರ ಬಂದ್ರ ನಾ ಮೊದ್ಲ ಉಣ್ತೀನಿ ತಾತ," ಎಂದಳು ಹೇಮಾವತಿ.

ಟೂಲು ತೆಗೆದು, ಸ್ಪಿಂಡಲ್ಲನ್ನು ಬರಿದೇ ತಿರುಗಲು ಬಿಟ್ಟಳು. ಸ್ಕ್ರೂಡ್ರೈವರಿನ ತುದಿಯನ್ನು ಮೆಷೀನಿನ ಮೈಗೆ, ಮರದ ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದಳು. ಬೇರಿಂಗ್ ಹೋಗಿದ್ದರೆ ಮರಳು ಅಗಿದ ಸದ್ದು ಬರಬೇಕಿತ್ತು. ಬಂದದ್ದು ನಡುಹೊಳೆಯ ಸದ್ದು, ತುಂಬಿದ ನೀರು ತನ್ನ ಪಾಡಿಗೆ ತಾನು ಹೋಗುವಂಥದ್ದು. ಕಣ್ಣೊಳಗೆ ಆಕಾಶ ಮೆಲ್ಲಗೆ ತಿರುಗಿತು. ಬರಿದಾದಾಗ ಸರಿ ತಿರುಗುವ ಹರಿಗೋಲು ಜನ ಹತ್ತಿದ ಮೇಲೆ ವಾಲಿದರೆ ಅಪ್ಪ ಹರಿಗೋಲನ್ನು ಬೈಯುತ್ತಿರಲಿಲ್ಲ. ಯಾರು ಹೇಗೆ ಕೂತಿದ್ದಾರೆ ಎಂದು ನೋಡುತ್ತಿದ್ದ.

ಹಾಗಾದರೆ ಟೂಲು ಹೇಗೆ ಕೂರುತ್ತಿದೆ?

ಮೆಷೀನು ನಿಲ್ಲಿಸಿದಳು. ಸ್ಪಿಂಡಲ್ಲಿನ ಬಾಯಿ ಆಲಿಕೆಯಂತಿರುತ್ತದೆ. ಟೂಲು ಹಿಡಿಯುವ ಹೋಲ್ಡರು ಅದರೊಳಗೆ ಸುತ್ತಲೂ ಒಂದೇ ಸಮ ಕಚ್ಚಿ ಕೂರಬೇಕು. ಹೋಲ್ಡರಿಗೆ ತೆಳ್ಳಗೆ ನೀಲಿ ಬಣ್ಣ ಸವರಿ ಒಳಗೆ ಕೂರಿಸಿ ತೆಗೆದಳು. ಬಾಯಿಯ ಸುತ್ತ ಹತ್ತಬೇಕಿದ್ದ ನೀಲಿ ಒಂದು ಕಡೆ ಮಾತ್ರ ದಟ್ಟವಾಗಿ ಹತ್ತಿತ್ತು. ಬ್ಯಾಟರಿಯ ಬೆಳಕು ಬಿಟ್ಟು, ಅಲ್ಲಿ ಉಗುರಿನಿಂದ ಕೆರೆದಳು. ನೀಲಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಬಿಳಿ.

ಕುಂಕುಮ. ವಿಭೂತಿ.

ಪೂಜೆಯ ದಿನ ಎಲ್ಲರೂ ಮೆಷೀನಿನ ಹೊರಮೈಗೆ ಹಚ್ಚಿ ಕೈಮುಗಿದಿದ್ದರು. ದುಡಿಯುವ ಬಾಯಿಗೆ ಯಾರೂ ಹಚ್ಚಲಿಲ್ಲವಲ್ಲ ಎಂದು ಕರುಳು ಚುರ್ ಎಂದು, ಕೂಸಿಗೆ ಬೆಣ್ಣೆ ನೆಕ್ಕಿಸುವ ಹಾಗೆ ಒದ್ದೆ ಬೆರಳಿಂದ ಒಳಗೆ ಸವರಿದವಳು ಅವಳೇ. ಅದು ಕೂಲೆಂಟಿಗೆ ನೆನೆದು, ಹೋಲ್ಡರಿನ ಒತ್ತಡಕ್ಕೆ ಸಿಕ್ಕಿ ಗಾರೆಯಂತೆ ಗಟ್ಟಿಯಾಗಿತ್ತು. ಕೂದಲೆಳೆಗಿಂತ ತೆಳು, ಅಷ್ಟೇ ಸಾಕಾಗಿತ್ತು.

ಕೈಯಲ್ಲಿ ಬಟ್ಟೆ ಇತ್ತು. ಒಂದು ಸಲ ಒರೆಸಿ, "ಧೂಳು ಹೊಕ್ಕಿತ್ರಿ" ಎಂದರೆ ಮುಗಿಯಿತು; ಧೂಳಿಗೆ ಈ ನಾಡಿನಲ್ಲಿ ಸಾಕ್ಷಿ ಕೇಳುವವರಿಲ್ಲ. ಬಟ್ಟೆ ಹಿಡಿದ ಕೈ ಮೇಲೆದ್ದಿತು. ತಗಡಿನ ಸಂದಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಕೆಂಪು ಕಣಗಳು ಆತುರವಿಲ್ಲದೆ ಸುತ್ತುತ್ತಿದ್ದವು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಹನ್ನೊಂದು ವರ್ಷದಲ್ಲಿ ಈ ಮೆಷೀನು ಅವಳಿಗೆ ಒಂದು ಸುಳ್ಳೂ ಹೇಳಿರಲಿಲ್ಲ.

ಬಟ್ಟೆ ಕೆಳಗಿಟ್ಟಳು. "ತಾತ, ಸಾವ್ಕಾರ್ರನ್ನ ಜಲ್ದಿ ಕರಕೊಂಡ್ ಬಾ."

ಶಂಭುಲಿಂಗ ಬಗ್ಗಿ ನೋಡಿದ. ಅವನ ಹಣೆಯ ಮೇಲೂ ಮೂರು ಬೆರಳ ವಿಭೂತಿ. "ಯಾರು ಹಚ್ಚಿದ್ದಿದು?"

"ನಾನರಿ. ಪೂಜಿ ದಿನ."

"ಅಯ್ಯ ಶಿವನ!" ಎಂದ ಎರ್ರಿಯಪ್ಪ. "ಮೆಷೀನಿಗೆ ಈಬೂತಿ ತಿನಿಸಿದೇನವ್ವ? ಮುಂದಿನ ವರ್ಷ ಲಿಂಗ ಕಟ್ಟು!"

ಎಂಜಿನಿಯರು ಇಣುಕಿದ, ಮತ್ತೆ ಇಣುಕಿದ. "ಒಳಗೆ ಬೆರಳಾಡಿಸಿ ನೋಡ್ಬೇಕಿತ್ತು ನಾನು," ಎಂದು ತನಗೇ ಹೇಳಿಕೊಂಡ.

ಶಂಭುಲಿಂಗ ಕೆಳಗಿದ್ದ ಬಟ್ಟೆಯನ್ನು ಎತ್ತಿ ಅವಳ ಕೈಗಿಟ್ಟು, "ನೀನ ಹಚ್ಚೀದಿ, ನೀನ ಒರಸು," ಎಂದ.

ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಅವಳು ಒರೆಸಿದಳು. ಬಟ್ಟೆ ದಾಸವಾಳದ ಬಣ್ಣಕ್ಕೆ ತಿರುಗಿತು. ಎಂಜಿನಿಯರು ಮತ್ತೆ ಕೋಲು ಸಿಕ್ಕಿಸಿ ತಿರುಗಿಸಿದರೆ ಗೇಜಿನ ಮುಳ್ಳು ತೂಕಡಿಸುವ ಹಕ್ಕಿಯ ಹಾಗೆ ನಿಂತಲ್ಲೇ ನಿಂತಿತು.

ಎಂಜಿನಿಯರು ವರದಿ ತೆಗೆದ. "ಹೊಡೆದು ಹಾಕ್ತೀನಿ ಮೇಡಂ, ಪೂರ್ತಿ."

"ಪೂರ್ತಿ ಬ್ಯಾಡ್ರಿ. ತಪ್ಪು ನಂದ ಐತಿ, ಅದಿರ್ಲಿ. ಗುದ್ದಿಸೀನಿ ಅಂತ ಬರದೀರಲ್ಲ, ಅಷ್ಟ ತಗೀರಿ."

ಅವನು ಅಷ್ಟನ್ನೇ ಹೊಡೆದು ಹಾಕಿದ. ಶಂಭುಲಿಂಗ ಎತ್ತಲೋ ನೋಡುತ್ತ, "ಡ್ರಿಲ್ಲಿಂಗಿಗೆ ಬ್ಯಾರೆ ಯಾರನ್ನರ ಹುಡುಕ್ತೀನಿ," ಎಂದ.

"ಹುಡುಕ್ರಿ," ಎಂದು ಹೇಮಾವತಿ ಬಾಕಿ ಬಿದ್ದಿದ್ದ ಕಂಪ್ಲಿಯವರ ಪಂಪಿನ ಕೆಲಸವನ್ನು ತನ್ನ ಮೆಷೀನಿಗೆ ಏರಿಸಿದಳು.