ಮರಳಿನ ಚೀಲದ ನಿಯಮ

ಎರಡು ಸಾವಿರದ ಇಸವಿಯ ಆಸುಪಾಸು. ಮಿಲಿಟರಿ ಕ್ಯಾಂಪಿನ ಒಂದು ಹಳೆ ಬಂಗಲೆಯ ಪಡಸಾಲೆಯಲ್ಲಿ ನಾವು ಮೂವರು ಭಾನುವಾರ ಮಧ್ಯಾಹ್ನ ದಾಳ ಉರುಳಿಸುತ್ತ ಕೂಡುತ್ತಿದ್ದೆವು. ಜೂಜಲ್ಲ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಆ ಕತೆಯೊಳಗೆ ಒಬ್ಬೊಬ್ಬ ಮನುಷ್ಯನಾಗುತ್ತಾರೆ. ಆ ಮನುಷ್ಯನ ಬಲವೆಷ್ಟು, ವೇಗವೆಷ್ಟು ಎಂಬುದೆಲ್ಲ ಒಂದು ಹಾಳೆಯ ಮೇಲಿರುತ್ತದೆ. ಕತೆ ನಡೆಸುವವನು ಆ ಮನೆಯ ಸುಬೇದಾರರ ಮಗ. ಆಟದ ಪುಸ್ತಕವನ್ನು ಅವನ ಅಣ್ಣ ಪುಣೆಯಿಂದ ಜೆರಾಕ್ಸ್ ಮಾಡಿಸಿ ತಂದಿದ್ದ. ಇನ್ನೊಬ್ಬ ತಾಲೀಮಿನಲ್ಲಿ ಕುಸ್ತಿ ಹಿಡಿಯುವ ಪೈಲ್ವಾನ, ಆಟದಲ್ಲಿ ಸಿಪಾಯಿ. ನಾನು ಖಾನಾಪುರದಿಂದ ಪ್ಯಾಸೆಂಜರ್ ಗಾಡಿ ಹಿಡಿದು ಹೋಗುತ್ತಿದ್ದೆ. ಪೋಲಿಯೋ ತಿಂದ ನನ್ನ ಎಡಗಾಲಿಗೆ ತೊಡೆಯಿಂದ ಬೂಟಿನವರೆಗೆ ಆಸರೆಗೆ ಕಟ್ಟುವ ಕಬ್ಬಿಣದ ಕ್ಯಾಲಿಪರ್. ಆಟದಲ್ಲಿ ಮಾತ್ರ ನಾನು ರಾಜನ ಓಲೆ ಒಯ್ಯುವ ಓಟಗಾರ, ನನ್ನನ್ನು ಹಿಡಿಯುವ ಕುದುರೆ ಇರಲಿಲ್ಲ. ನಗುವವರು ನಗಲಿ. ವಾರಕ್ಕೊಮ್ಮೆ ಆ ಓಟ ಸಿಗದಿದ್ದರೆ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದೆ.

ಪೈಲ್ವಾನನದು ಒಂದೇ ಹಟ. ತಾಲೀಮಿನಲ್ಲಿ ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಓಡುತ್ತಾರೆ, ಬಿಚ್ಚಿದ ದಿನ ಮೈ ಹಗುರಾಗಿ ಹಾರುತ್ತದೆ. ಪುಸ್ತಕದಲ್ಲಿ ಇದಕ್ಕೇಕೆ ನಿಯಮವಿಲ್ಲ? ತಲೆ ತಿಂದು ತಿಂದು ಒಪ್ಪಿಸಿದ. ಚೀಲ ಕಟ್ಟಿದವನ ವೇಗ ಅರ್ಧ, ಬಿಚ್ಚಿದ ಮೇಲೆ ಲಾಭ. ಎಷ್ಟು ಲಾಭ ಎಂಬುದು ಇನ್ನೂ ಗೊತ್ತಾಗಿರಲಿಲ್ಲ. ಸುಬೇದಾರರ ಮಗನಿಗೆ ಎಲ್ಲವನ್ನೂ ಅಳೆದೇ ಬರೆಯುವ ಚಾಳಿ. ಆಟದೊಳಗಿನ ದೀವಟಿಗೆ ಎಷ್ಟು ಹೊತ್ತು ಉರಿಯಬೇಕೆಂದು ನೋಡಲು ಅವ್ವನ ಸೀರೆ ಸುಟ್ಟು ಬೈಸಿಕೊಂಡವನು. ಬರೆದ ಮೇಲೆ ಬ್ರಹ್ಮ ಬಂದರೂ ಅಳಿಸುವವನಲ್ಲ. ಮಳೆಗಾಲವಿಡೀ ನಮ್ಮ ಇಬ್ಬರು ಮನುಷ್ಯರೂ ಚೀಲ ಕಟ್ಟಿಕೊಂಡು ಆಮೆಯ ಹಾಗೆ ನಡೆದರು.

ಕೊನೆಗೊಂದು ಭಾನುವಾರ ಕತೆಯಲ್ಲಿ ದರೋಡೆಕೋರರು ನಮ್ಮ ಬೆನ್ನು ಹತ್ತಿದರು. ಕಣಕುಂಬಿ ಘಟ್ಟದಂಥ ದಟ್ಟ ಕಾಡು.

“ನಾ ಚೀಲ ಬಿಚ್ಚಿದ್ನಿ!” ಎಂದು ಪೈಲ್ವಾನ ತೊಡೆ ತಟ್ಟಿದ. “ಈಗ ಎಷ್ಟ್ ಓಡ್ತೀನಿ ಹೇಳು.”

“ಅಳೀಬೇಕು,” ಎಂದ ಸುಬೇದಾರರ ಮಗ. “ನಿನ್ನ ಕಾಲಿಗೆ ಚೀಲ ಕಟ್ಟಿ ನೋಡೂಣು.”

“ಒಂದ್ ತಾಸಿನ್ಯಾಗ ಏನ್ ಗೊತ್ತಾಕ್ಕೈತಿ? ವರ್ಷಗಟ್ಲೆ ಕಟ್ಟಿದಾಂವ ಬೇಕು.” ಆಗ ಅವನ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು. “ಆಯ್ಲಾ! ಇಂವ ಸಣ್ಣಾಂವ ಇದ್ದಾಗಿಂದ ಕಟ್ಕೊಂಡಾನಲ್ಲೋ. ಬಿಚ್ಚಲೇ. ಗೇಟಿನ ಮಟ ಓಡು.”

“ಇದು ತೂಕ ಅಲ್ಲಲೇ. ಇದಿಲ್ಲಂದ್ರ ನನಗ ನಿಂದ್ರಾಕ ಬರೂದಿಲ್ಲ.”

“ತಾಲೀಮಿಗೆ ಬರೂ ಹೊಸಾ ಹುಡುಗ್ರೂ ಹಿಂಗ ಅಳ್ತಾರ. ಅಂಜುಬುರುಕ!”

ಸುಬೇದಾರರ ಮಗ ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದ. “ಅಳತಿ ಇಲ್ಲಂದ್ರ ಲಾಭ ಇಲ್ಲ. ನಿನ್ನ ಓಟಗಾರಗೂ ಇಲ್ಲ.”

ಮೈಯೆಲ್ಲ ಉರಿಯಿತು. ಪಟ್ಟಿ ಬಿಚ್ಚಿ ಕ್ಯಾಲಿಪರನ್ನು ಅವರ ಮುಂದೆ ಎಸೆದು, ಕಂಬ ಹಿಡಿದು ಎದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಒಂದು ಗಳಿಗೆ ನಾನೂ ನಂಬಿದೆ. ಇಷ್ಟು ವರ್ಷ ನನ್ನನ್ನು ಹಿಡಿದಿಟ್ಟದ್ದು ಈ ಕಬ್ಬಿಣವೇ ಇರಬಹುದಲ್ಲ, ಡಾಕ್ಟರುಗಳೆಲ್ಲ ಮುಠ್ಠಾಳರಿರಬಹುದಲ್ಲ! ಕಂಬ ಬಿಟ್ಟೆ.

ಗದ್ದ ನೆಲಕ್ಕೆ ಬಡಿದು ಬಾಯಲ್ಲಿ ರಕ್ತ ಬಂತು. ಪೈಲ್ವಾನ ಹೊಟ್ಟೆ ಹಿಡಿದುಕೊಂಡು ನಕ್ಕ. ಸುಬೇದಾರರ ಮಗ ನಗಲಿಲ್ಲ, ಎಬ್ಬಿಸಲೂ ಇಲ್ಲ. ಬರೆದು, ಓದಿ ಹೇಳಿದ: “ಬಹಳ ದಿನ ಕಟ್ಟಿದ ಚೀಲ ಬಿಚ್ಚಿದವನು ನಿಂತಲ್ಲೇ ಬೀಳುತ್ತಾನೆ.”

ಪೈಲ್ವಾನನ ನಗು ನಿಂತಿತು. “ಏ, ನಂದು ಬಿಚ್ಚಿ ಆಗೈತಲ್ಲೋ!”

“ಹಂಗಾರ ನೀ ಬಿದ್ದಿ,” ಎಂದವನು ನನ್ನ ಕಡೆ ತಿರುಗಿದ. “ನಿಂದು?”

“ನಂದು ಬಿಚ್ಚಿಲ್ಲ,” ಎಂದೆ ನೆಲದ ಮೇಲಿಂದಲೇ. “ನಡಕೋಂತ ಹೊಂಟೇನಿ.”

“ನನ್ನ ಹೊತ್ಕೊಂಡ್ ಹೋಗೋ ದೋಸ್ತ! ಸಾಯ್ತೀನಿ!” ಎಂದ ಪೈಲ್ವಾನ.

“ತೂಕ ಭಾಳ ಆಕ್ಕೈತಿ,” ಎಂದೆ.

ದರೋಡೆಕೋರರು ಸಿಪಾಯಿಯ ಮೇಲೆ ಮುಗಿಬಿದ್ದು ಕಡಿದರು. ಅಷ್ಟರಲ್ಲಿ ನನ್ನ ಓಟಗಾರ ನಡೆದೇ ಪಾರಾದ. ಅಷ್ಟು ದೊಡ್ಡ ಆಳು ಆ ಪೈಲ್ವಾನ, ಸತ್ತ ಸಿಪಾಯಿಯ ಹಾಳೆ ಎದೆಗೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ನನ್ನ ಹೊಟ್ಟೆ ತಣ್ಣಗಾಯಿತು. ಇವತ್ತಿಗೂ ಅದಕ್ಕೆ ನನಗೆ ಬೇಸರವಿಲ್ಲ.

ಕುಂಡಿಯ ಮೇಲೆ ತೆವಳಿ ಹೋಗಿ ಕ್ಯಾಲಿಪರ್ ಎಳೆದುಕೊಂಡೆ. ಪಟ್ಟಿ ಬಿಗಿಯುತ್ತಿದ್ದಾಗ ಸುಬೇದಾರರ ಮಗ ನನ್ನ ಹಾಳೆ ತೆಗೆದುಕೊಂಡು, ವೇಗದ ಮುಂದೆ ಪೆನ್ಸಿಲ್ಲಿನಲ್ಲಿದ್ದ ‘ಅರ್ಧ’ವನ್ನೇ ಅಳಿಸಲಾಗದಂತೆ ಪೆನ್ನಿನಿಂದ ತಿದ್ದತೊಡಗಿದ. ಏನು ಮಾಡುತ್ತಿದ್ದಾನೆಂದು ಕೇಳಿದೆ.

“ಇನ್ನ ನಿನ್ನ ಓಟಗಾರಗ ಚೀಲ ಬಿಚ್ಚಾಕ ಬರೂದಿಲ್ಲಲ್ಲ,” ಎಂದ, ತಲೆ ಎತ್ತದೆ. “ಬಿಚ್ಚಿದ್ರ ನಿನ್ನಂಗ ಬೀಳ್ತಾನ.”